ಉಡುಗೊರೆಯೋ, ಬಿಟ್ಟಿಯೋ?

ನಮ್ಮ ಕಡೆಯ ಊರುಗಳಲ್ಲಿ ಈಗ ಕ್ರೋಶಾ ಹೂವಿನ ಸುಗ್ಗಿ ನಡೆದಿದೆ. ಶಿಕ್ಷಕರ ದಿನಾಚರಣೆಗೆ ಕ್ರೋಶಾ ಗುಲಾಬಿ, ಗೆಳತಿಯ ಕುಬಸಕ್ಕೆ ಕ್ರೋಶಾ ಸೂರ್ಯಕಾಂತಿ, ಹೊಸ ಮನೆಯ ವಾಸ್ತುಶಾಂತಿಗೆ ಬಾಗಿಲಿಗೊಂದು ಕ್ರೋಶಾ ಹೂವಿನ ತೋರಣ, ನಿವೃತ್ತರಾಗುವ ಹೆಡ್‌ಮಾಸ್ತರರಿಗೆ ಬಣ್ಣದ ಕಾಗದದಲ್ಲಿ ಸುತ್ತಿದ ಕ್ರೋಶಾ ಹೂಗುಚ್ಛ. ಮೊಬೈಲು ನೋಡಿ ಕಲಿತ ಹುಡುಗಿಯರು ಒಂದು ಕೊಕ್ಕೆ ಕಡ್ಡಿ, ಎರಡು ಉಂಡೆ ದಾರ ಹಿಡಿದುಕೊಂಡು ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕುಳಿತಿರುತ್ತಾರೆ. ನಮ್ಮ ಸೀಮೆಯ ಹೊಲದಲ್ಲಿ ಯಾರೂ ಕಾಣದ ಟ್ಯೂಲಿಪ್ ಕೂಡ ಹಾನಗಲ್ಲಿನ ಓಣಿಯಲ್ಲಿ ಅರಳಿಬಿಟ್ಟಿದೆ. ನೋಡಲು ಚೆಂದ, ಬಾಡುವುದಿಲ್ಲ, ಕೊಟ್ಟವಳ ನೆನಪು ವರುಷಗಟ್ಟಲೆ ಕಪಾಟಿನಲ್ಲಿ ಉಳಿಯುತ್ತದೆ. ಇದೆಲ್ಲ ನನಗೂ ಸಂತೋಷದ ಸಂಗತಿಯೇ.

ನನ್ನ ಜಗಳ ಹೂವಿನ ಜೊತೆಗಲ್ಲ. ಆ ಹೂವಿನ ಬೆನ್ನಿಗೇ ಕೇಳಿಬರುವ ಒಂದು ಮಾತಿನ ಜೊತೆಗೆ. "ಹೆಂಗೂ ಮನ್ಯಾಗ ಖಾಲಿ ಇರ್ತಿಯಲ್ಲ ತಂಗಿ, ನನಗೂ ನಾಕು ಹೂವು ಹಾಕಿಕೊಡು." ಈ ಮಾತನ್ನು ನೀವೂ ಕೇಳಿದ್ದೀರಿ. ಹೇಳುವವರ ದನಿಯಲ್ಲಿ ಸಕ್ಕರೆ ಇರುತ್ತದೆ, ಕೇಳಿಸಿಕೊಂಡವಳು ಇಲ್ಲವೆನ್ನಲಾರದೆ ನಗುತ್ತಾಳೆ. ನಾಲ್ಕು ಹೂವು ಹತ್ತಾಗುತ್ತದೆ, ಹತ್ತು ಇಪ್ಪತ್ತಾಗುತ್ತದೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಇಪ್ಪತ್ತೇಳು ವರ್ಷಗಳ ಶಿಕ್ಷಕಿಯ ನೌಕರಿ ನನ್ನನ್ನು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ತಾಲ್ಲೂಕುಗಳ ನೀರು ಕುಡಿಸಿದೆ. ನಾಲ್ಕೂ ಕಡೆ ಈ ಮಾತು ಬೇರೆ ಬೇರೆ ವೇಷ ಹಾಕಿಕೊಂಡು ಎದುರಾಗಿದೆ. ಅದರ ವೇಷ ಕಳಚುವುದೇ ಈ ಬರಹದ ಉದ್ದೇಶ.

ಮೊದಲ ವೇಷ ಬಲು ಹಳೆಯದು. ನಾನು ಚಿಕ್ಕವಳಿದ್ದಾಗ ನಮ್ಮದಿನ್ನೂ ಧಾರವಾಡ ಜಿಲ್ಲೆ; ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆಗಲೂ ಮನೆಮನೆಯಲ್ಲಿ ಕ್ರೋಶಾ ಇತ್ತು. ರೇಡಿಯೋದ ಮೇಲೆ ಕ್ರೋಶಾ ಹೊದಿಕೆ, ದೇವರ ಮಣೆಯ ಮೇಲೆ ಕ್ರೋಶಾ ಹಾಸು, ನೀರಿನ ಕೊಡದ ಮೇಲೆ ಸುತ್ತಲೂ ಮಣಿ ಪೋಣಿಸಿದ ಕ್ರೋಶಾ ಮುಚ್ಚಳ. ಕನ್ಯೆ ನೋಡಲು ಬಂದವರು ಹಾಡು ಬರ್ತದೇನು ಎಂದು ಕೇಳಿದ ಮೇಲೆ ಹೆಣಿಕಿ ಬರ್ತದೇನು ಎಂದು ಕೇಳುತ್ತಿದ್ದರು. ತಾಯಿ ಒಳಗಿನಿಂದ ಒಂದು ರುಮಾಲು ತಂದು ತೋರಿಸುತ್ತಿದ್ದಳು. ಬೀಗಿತ್ತಿಯಾಗುವವಳು ಅದನ್ನು ತಿರುವಿ ಹಾಕಿ, ಹಿಂಬದಿಯ ಗಂಟು ಪರೀಕ್ಷಿಸಿ, ಹುಡುಗಿಯ ಸಹನೆಯನ್ನು ಅಳೆಯುತ್ತಿದ್ದಳು. ಮದುವೆಯಾದ ಮೇಲೆ ಅದೇ ಕೈ ನಾದಿನಿಯರ ಮನೆಗೆಲ್ಲ ತೋರಣ ಹೆಣೆಯಬೇಕು. ಅಂದರೆ ಹೆಣಿಗೆ ಬಲ್ಲ ಕೈ ಎಂದರೆ ಕೇಳಿದ್ದನ್ನು ಇಲ್ಲವೆನ್ನದೆ ಮಾಡಿಕೊಡುವ ಕೈ. ಕಲೆಯನ್ನಲ್ಲ, ವಿಧೇಯತೆಯನ್ನು ಅಳೆದ ರುಮಾಲು ಅದು.

ಹಾನಗಲ್ಲಿನ ತಾರಕೇಶ್ವರ ಗುಡಿಯನ್ನು ನೋಡಿದವರು ಅಲ್ಲಿನ ಮಂಟಪದ ಛತ್ತನ್ನು ಮರೆಯಲಾರರು. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಸುತ್ತು ಸುತ್ತಾಗಿ ಒಳಕ್ಕೆ ಸೇರುತ್ತಾ ಬಂದು ನಟ್ಟನಡುವೆ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡಿದ್ದೇನೆ. ಅದನ್ನು ಕಂಡ ಯಾವ ಪ್ರವಾಸಿಯೂ "ಪಾಪ, ಆ ಶಿಲ್ಪಿ ಮನ್ಯಾಗ ಖಾಲಿ ಇದ್ದಿರಬೇಕು" ಎಂದದ್ದನ್ನು ನಾನು ಕೇಳಿಲ್ಲ. ಎಷ್ಟು ದಿನ ಹಿಡಿಯಿತೋ, ಎಷ್ಟು ಕೈ ದುಡಿಯಿತೋ, ಖರ್ಚು ಯಾರು ಕೊಟ್ಟರೋ ಎಂದೇ ಕೇಳುತ್ತಾರೆ. ಕ್ರೋಶಾ ಹೂವೂ ಸುತ್ತು ಸುತ್ತಾಗಿಯೇ ಬೆಳೆಯುತ್ತದೆ. ನಡುವಿನ ಚಿಕ್ಕ ಉಂಗುರದಿಂದ ಹೊರಟು, ಸರಪಳಿ ಎಣಿಸಿ, ಕಂಬ ಎಣಿಸಿ, ಎಸಳು ಎತ್ತಬೇಕು. ಒಂದು ಎಣಿಕೆ ತಪ್ಪಿದರೆ ಇಡೀ ಸುತ್ತು ಬಿಚ್ಚಬೇಕು. ಕಲ್ಲಿಗೂ ದಾರಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೆ ಗಂಡಸು ಮಾಡಿದ ಹೂವು ಕೆಲಸ, ಹೆಂಗಸು ಮಾಡಿದ ಹೂವು ಹೊತ್ತು ಕಳೆಯುವ ಆಟ ಎನ್ನುವುದನ್ನು ಮಾತ್ರ ಒಪ್ಪಲಾರೆ.

ಕನ್ನಡದಲ್ಲಿ ಇದಕ್ಕೊಂದು ಸರಿಯಾದ ಶಬ್ದವಿದೆ. ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಅಧಿಕಾರವುಳ್ಳವರು ಕೂಲಿ ಕೊಡದೆ ಪ್ರಜೆಗಳಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆಗೆ ಆ ಹೆಸರು. ಬಿಟ್ಟಿ ಮಾಡಿದವನಿಗೆ ಅದು ಬಿಟ್ಟಿಯೆಂದು ಗೊತ್ತಿತ್ತು, ಮಾಡಿಸಿಕೊಂಡವನಿಗೂ ಗೊತ್ತಿತ್ತು. ಹೆಣ್ಣುಮಕ್ಕಳ ಕೈಕೆಲಸದಲ್ಲಿ ನಡೆದಿರುವ ಚಮತ್ಕಾರವೆಂದರೆ ಬಿಟ್ಟಿಗೆ ನಾವು ಉಡುಗೊರೆ ಎಂದು ಹೆಸರಿಟ್ಟಿದ್ದೇವೆ. ಎರಡಕ್ಕೂ ಇರುವ ಭೇದ ಬಹಳ ಸರಳ. ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು, ಕೊಡಬೇಕೋ ಬೇಡವೋ ಎಂಬುದನ್ನು ಮಾಡಿದವಳೇ ನಿಶ್ಚಯಿಸಿದರೆ ಉಡುಗೊರೆ. ಬೇರೆಯವರು ನಿಶ್ಚಯಿಸಿ ಅವಳಿಂದ ಮಾಡಿಸಿದರೆ ಬಿಟ್ಟಿ. ಮೇಲೆ ಎಷ್ಟೇ ಬಣ್ಣದ ಕಾಗದ ಸುತ್ತಿ ರಿಬ್ಬನ್ನು ಕಟ್ಟಿದರೂ ಅದು ಬಿಟ್ಟಿಯೇ.

ಶಿಗ್ಗಾವಿ ತಾಲ್ಲೂಕಿನಲ್ಲಿ ಈ ಮಾತು ಇನ್ನೊಂದು ವೇಷದಲ್ಲಿ ಬಂತು. ನಿಮಗೆ ನೆನಪಿರಬಹುದು, 2021ರ ಆಗಸ್ಟಿನಲ್ಲಿ ಆಗಿನ ಮುಖ್ಯಮಂತ್ರಿ, ಶಿಗ್ಗಾವಿಯ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿಯವರ ಸೂಚನೆಯಂತೆ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಬದಲಿಗೆ ಕನ್ನಡ ಪುಸ್ತಕ ಕೊಡಿ ಎಂದು. ಒಳ್ಳೆಯ ಮಾತೇ. ಆದರೆ ಮುಂದೆ ಒಂದು ಶಾಲೆಯ ಸಭೆಯಲ್ಲಿ ಅದಕ್ಕೆ ಸಿಕ್ಕ ಉಪಾಯ ಕೇಳಿ. ಹೂವು ಬೇಡ ಎಂದಿದ್ದಾರೆ, ಪುಸ್ತಕಕ್ಕೆ ದುಡ್ಡು ಬೇಕು, ಆದ್ದರಿಂದ ಹತ್ತನೆಯ ತರಗತಿಯ ಹೆಣ್ಣುಮಕ್ಕಳು ವಾರ್ಷಿಕೋತ್ಸವದ ಅತಿಥಿಗಳಿಗೆ ನಲವತ್ತು ಕ್ರೋಶಾ ಹೂವು ಮಾಡಿ ತರಲಿ! ದಾರ ಅವರದೇ, ಹೊತ್ತೂ ಅವರದೇ, ಅದೂ ಪರೀಕ್ಷೆ ಹತ್ತಿರ ಬಂದ ಕಾಲದಲ್ಲಿ.

ನಾನು ಎದ್ದು ನಿಂತು, "ಗಂಡುಮಕ್ಕಳು ಏನು ಮಾಡ್ತಾರ್ರಿ?" ಎಂದು ಕೇಳಿದೆ.

"ಅವರು ಕುರ್ಚಿ ಹಾಕ್ತಾರಲ್ರಿ ಅಕ್ಕೋರ" ಎಂಬ ಉತ್ತರ ಬಂತು.

ಕುರ್ಚಿ ಹಾಕಲು ಹದಿನೈದು ನಿಮಿಷ ಸಾಕು. ಮೇಲಾಗಿ ಆ ಹದಿನೈದು ನಿಮಿಷಕ್ಕೆ ಅವರಿಗೆ ಚಹಾ, ಚುರುಮುರಿ ಸಿಗುತ್ತದೆ. ಹೆಣ್ಣುಮಕ್ಕಳು ರಾತ್ರಿ ಪಾತ್ರೆ ತೊಳೆದ ಮೇಲೆ ಹೆಣೆಯಬೇಕು. ಕಲಿಸುವುದಾದರೆ ಗಂಡು ಹೆಣ್ಣು ಇಬ್ಬರಿಗೂ ಕಲಿಸೋಣ, ಕರಕುಶಲ ಪಾಠದ ವೇಳೆಯಲ್ಲೇ ಮಾಡಿಸೋಣ, ದಾರಕ್ಕೆ ಶಾಲೆಯ ಲೆಕ್ಕದಿಂದ ಹಣ ಕೊಡೋಣ ಎಂದು ವಾದಿಸಿದೆ. ಟೀಚರು ಜಗಳಗಂಟಿ ಎಂಬ ಹೆಸರು ಬಂತು. ಬರಲಿ. ಆ ವರ್ಷ ಅತಿಥಿಗಳಿಗೆ ತಲಾ ಒಂದು ಪುಸ್ತಕ ಸಿಕ್ಕಿತು. ಸುತ್ತೋಲೆ ಹೇಳಿದ್ದೂ ಅದನ್ನೇ ತಾನೇ?

ಇಲ್ಲಿಯವರೆಗೆ ಪುಕ್ಕಟೆ ಮಾಡಿಸಿಕೊಳ್ಳುವವರ ಮಾತಾಯಿತು. ದುಡ್ಡು ಕೊಟ್ಟು ಕೊಳ್ಳುವವರದು ಇನ್ನೊಂದು ಬಗೆ. ಅದು ತಿಳಿದದ್ದು ಸವಣೂರಿನಲ್ಲಿ. ಅಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಕ್ರೋಶಾ ಹೂಗುಚ್ಛ ಮಾಡಿ ವಾಟ್ಸಪ್ಪಿನಲ್ಲಿ ಫೋಟೋ ಹಾಕಿ ಮಾರುತ್ತಿದ್ದಳು. ಏಳು ಗುಲಾಬಿಯ ಗುಚ್ಛಕ್ಕೆ ನಾನೂರು ರೂಪಾಯಿ ಎಂದು ಹೇಳಿ, ಎರಡು ನೂರಾ ಐವತ್ತಕ್ಕೆ ಕೊಟ್ಟು ಬಂದಿದ್ದಳು. "ಕೊಂಡವರು, ಮನ್ಯಾಗ ಮಾಡಿದ್ದಕ್ಕ ಇಷ್ಟ್ಯಾಕ ಅಂದ್ರ್ರಿ ಅಕ್ಕೋರ" ಎಂದಳು. ಇಬ್ಬರೂ ಕುಳಿತು ಲೆಕ್ಕ ಬರೆದೆವು.

ಒಂದು ಗುಲಾಬಿಗೆ ಉದ್ದನೆಯ ಎಸಳಿನ ಪಟ್ಟಿ ಹೆಣೆದು, ಸುರುಳಿ ಸುತ್ತಿ, ಬುಡಕ್ಕೆ ಹೊಲಿಯಲು ಅವಳ ಪಳಗಿದ ಕೈಗೆ 45 ನಿಮಿಷ. ಎಲೆಗೂ ತೊಟ್ಟಿನ ಹಸಿರು ಬಟ್ಟಲಿಗೂ 15 ನಿಮಿಷ. ತಂತಿಗೆ ಹಸಿರು ದಾರ ಸುತ್ತಿ ಹೂವನ್ನು ಕೂಡಿಸಲು 20 ನಿಮಿಷ. ಒಟ್ಟು 80 ನಿಮಿಷ. ಏಳು ಹೂವಿಗೆ 9 ಗಂಟೆ 20 ನಿಮಿಷ. ದಾರ, ತಂತಿ, ಕಾಗದ, ರಿಬ್ಬನ್ನಿಗೆ ಅವಳು ಹಾಕಿದ್ದು 150 ರೂಪಾಯಿ. 250ರಲ್ಲಿ ಅದನ್ನು ಕಳೆದರೆ ಉಳಿದದ್ದು 100. ಗಂಟೆಗೆ ಹನ್ನೊಂದು ರೂಪಾಯಿಯೂ ಬೀಳಲಿಲ್ಲ.

ಇನ್ನು ಈ ಲೆಕ್ಕ ನೋಡಿ. 2025-26ನೇ ಸಾಲಿಗೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿಯ ಮೇಲೆ. ಮಣ್ಣು ಹೊರುವ ಆ ಕೂಲಿಯ ದರವನ್ನೇ ಹಿಡಿದರೂ ಅವಳ ದುಡಿಮೆ 430 ರೂಪಾಯಿ, ಸಾಮಾನು ಸೇರಿ 580. ಅದರಲ್ಲಿ ಜಾಣ್ಮೆಗೆ, ಕಲಿಯಲು ಹಿಡಿದ ತಿಂಗಳುಗಳಿಗೆ, ಕಣ್ಣು ಬೆನ್ನು ನೋವಿಗೆ ಒಂದು ಬಿಡಿಗಾಸೂ ಸೇರಿಲ್ಲ. ನಾನೂರು ಕೇಳಿದಾಗಲೇ ಅವಳು ತನ್ನ ಕೂಲಿಯನ್ನು ಬಿಟ್ಟುಕೊಟ್ಟಿದ್ದಳು. ಎರಡು ನೂರಾ ಐವತ್ತಕ್ಕೆ ಇಳಿಸಿದವರು ತಾವು ಚೌಕಾಶಿಯಲ್ಲಿ ಗೆದ್ದೆವೆಂದು ಮನೆಗೆ ಹೋದರು.

ಸವಣೂರಿನವರಿಗೆ ಬೆಲೆ ಕಟ್ಟಲು ಬರುವುದಿಲ್ಲವೇ? ಸವಣೂರು ಖಾರದ ಅಂಗಡಿಯಲ್ಲಿ ತೂಕ ಮಾಡಿ ಕೊಟ್ಟದ್ದಕ್ಕೆ ಹೇಳಿದಷ್ಟು ಕೊಟ್ಟು ಬರುತ್ತೇವೆ. ಅಲ್ಲಿನ ವೀಳ್ಯದೆಲೆಯನ್ನು ಎಣಿಸಿ ಕೊಡುತ್ತಾರೆ, ಎಣಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ಕೈಕೆಲಸದ ಮರ್ಯಾದೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. ಹಾವೇರಿಯ ಏಲಕ್ಕಿ ಹಾರ ಜಗತ್ತಿಗೇ ಗೊತ್ತು. ಒಂದೊಂದೇ ಏಲಕ್ಕಿಯನ್ನು ಪೋಣಿಸಿ, ಜರಿ ಮಣಿ ಕೂಡಿಸಿ ಮಾಡುವ ಹಾರ ಅದು. ಮಂತ್ರಿ ಬಂದರೂ, ಮಠಾಧೀಶರು ಬಂದರೂ ಅದೇ ಗೌರವ. ಎಷ್ಟು ಎಳೆಯ ಹಾರ ಎಂದು ಕೇಳಿ, ಎಳೆಗೆ ತಕ್ಕ ದರ ಕೊಟ್ಟು ತರುತ್ತಾರೆ. ಅದೂ ಕೈಯಿಂದಲೇ ಮಾಡಿದ ಉಡುಗೊರೆ, ಇದೂ ಕೈಯಿಂದಲೇ ಮಾಡಿದ ಉಡುಗೊರೆ. ಅದಕ್ಕೆ ಅಂಗಡಿಯ ಬೋರ್ಡು ಇದೆ, ಇದಕ್ಕೆ ಅಡುಗೆಮನೆಯ ಹೊಗೆ ಇದೆ. ದರ ಬೀಳುವುದು ಅಲ್ಲಿ.

ಹಿರೇಕೆರೂರಿಗೆ ಬಂದ ಮೇಲಂತೂ ಈ ಅನ್ಯಾಯ ನನಗೆ ಕನ್ನಡಿಯಂತೆ ಕಂಡಿತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು 1972ರಲ್ಲಿ ಹೊರತಂದ ಮೇಲೆ ನಮ್ಮ ಸೀಮೆಯ ಹತ್ತಿಯ ಚರಿತ್ರೆಯೇ ಬದಲಾಯಿತು. ಅಂಥ ಹತ್ತಿಯ ಬೀಜ ತಯಾರಾಗುವುದು ಹೆಣ್ಣುಮಕ್ಕಳ ಬೆರಳುಗಳಲ್ಲಿ. ಇಲ್ಲಿ ಅದನ್ನು ಕ್ರಾಸಿಂಗ್ ಎನ್ನುತ್ತಾರೆ. ಇಳಿಹೊತ್ತಿನಲ್ಲಿ ಮರುದಿನ ಅರಳಬೇಕಾದ ಮೊಗ್ಗನ್ನು ಹುಡುಕಿ, ಅದರೊಳಗಿನ ಗಂಡು ಕೇಸರಗಳನ್ನು ಹೆಣ್ಣು ಭಾಗಕ್ಕೆ ಪೆಟ್ಟಾಗದಂತೆ ಬಿಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗವನ್ನು ತಂದು ಅದಕ್ಕೆ ಮುಟ್ಟಿಸಬೇಕು. ಗುರುತಿಗೆ ತೊಟ್ಟಿಗೆ ದಾರ ಕಟ್ಟಬೇಕು. ಎಂಥ ನಾಜೂಕಿನ ಕೆಲಸ ನೋಡಿ! ಆ ಕೆಲಸಕ್ಕೆ ಕೂಲಿ ಸಾಲದು, ಎಳೆಯ ಮಕ್ಕಳನ್ನೂ ಅದಕ್ಕೆ ಹಚ್ಚಿದ ಕೆಟ್ಟ ಚರಿತ್ರೆಯೂ ಇದೆ, ಶಾಲೆಯ ಹಾಜರಿ ಪುಸ್ತಕ ಹಿಡಿದ ನಮಗೆ ಅದು ಚೆನ್ನಾಗಿ ಗೊತ್ತು. ಆದರೂ ಅಲ್ಲಿ ಕೂಲಿ ಎಂಬ ಮಾತಾದರೂ ಇದೆ. ಹೊಲಕ್ಕೆ ಬಂದ ಹೆಂಗಸಿಗೆ "ಹೆಂಗೂ ಖಾಲಿ ಇರ್ತಿಯಲ್ಲ" ಎಂದು ಯಾವ ಗೌಡರೂ ಹೇಳುವುದಿಲ್ಲ. ಹಗಲು ಹತ್ತಿಯ ಹೂವಿಗೆ ದಾರ ಕಟ್ಟಿದ ಬೆರಳಿಗೆ ದಿನಗೂಲಿ. ಸಂಜೆ ಅದೇ ಹತ್ತಿಯ ದಾರದಿಂದ ಹೂವು ಹೆಣೆದ ಬೆರಳಿಗೆ ಶಭಾಷ್‌ಗಿರಿ. ಬೆರಳು ಒಂದೇ, ಹೊಸ್ತಿಲು ಮಾತ್ರ ಬೇರೆ.

ಇದು ನಮ್ಮ ನಾಲ್ಕು ತಾಲ್ಲೂಕಿನ ಕಥೆ ಮಾತ್ರವಲ್ಲ. ಆಂಧ್ರದ ಗೋದಾವರಿ ತೀರದಲ್ಲಿ ನರಸಾಪುರವೆಂಬ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಮುಂದೆ ಅದು ಸಾವಿರಾರು ಮನೆಗಳ ಕೆಲಸವಾಗಿ ವಿದೇಶಗಳಿಗೆ ರಫ್ತಾಗತೊಡಗಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು, ಆ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದೇನು? ದಿನಕ್ಕೆ ಹಲವು ತಾಸು ಲೇಸು ಹೆಣೆಯುವ ಹೆಂಗಸರನ್ನು ಯಾರೂ ಕಾರ್ಮಿಕರೆಂದು ಕರೆಯುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಹೆಣೆಯುತ್ತಾರೆ ಅಷ್ಟೆ ಎಂಬ ಮಾತೇ ಅವರ ಕೂಲಿಯನ್ನು ಹೊಲದ ಕೂಲಿಗಿಂತಲೂ ಕೆಳಗೆ ಇಳಿಸಿತ್ತು. ಸೂಜಿ ಹಿಡಿದವಳು ಗೃಹಿಣಿ, ಲೇಸು ಮಾರಿದವನು ವ್ಯಾಪಾರಸ್ಥ! ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ನಮ್ಮ ಕಸೂತಿಗೆ ಆ ಮನ್ನಣೆ 2006ರಲ್ಲೇ ಬಂದಿದೆ. ಸಂತೋಷ. ಆದರೆ ಮನ್ನಣೆಯ ಹಾಳೆ ಕಸೂತಿಗೆ ಸಿಕ್ಕಿದೆ, ಕಸೂತಿ ಹಾಕಿದವಳ ಗಂಟೆಗೆ ದರ ಸಿಕ್ಕಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಮನೆಯಲ್ಲೇ ಕುಳಿತು ದುಡಿಯುವವರೂ ದುಡಿಯುವವರೇ ಎಂದು ಅಹಮದಾಬಾದಿನ ಇಳಾ ಭಟ್ 1972ರಲ್ಲಿ ಸೇವಾ ಸಂಘಟನೆಯನ್ನು ಕಟ್ಟಿ ಸಾರಿ ಹೇಳಿದರು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸಗಾರ ಉತ್ಪಾದಕರ ಬಗ್ಗೆ 177ನೇ ಒಡಂಬಡಿಕೆಯನ್ನೇ ಮಾಡಿತು. ಭಾರತ ಅದಕ್ಕೆ ಇನ್ನೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ದಿಲ್ಲಿಯ ಮುದ್ರೆ ಬಂದಾಗ ಬರಲಿ, ನಮ್ಮ ಓಣಿಯ ಮುದ್ರೆ ನಮ್ಮ ಕೈಯಲ್ಲೇ ಇದೆಯಲ್ಲ?

ಈಗ ನನ್ನ ಎದುರು ಹೇಳುವವರ ಮಾತಿಗೆ ಬರುತ್ತೇನೆ. ಮೊದಲನೆಯದು, "ಅಂಗಡ್ಯಾಗ, ಮೊಬೈಲ್ನ್ಯಾಗ ನಲವತ್ತು ರೂಪಾಯಿಗೆ ಇಂಥಾ ಹೂವು ಸಿಗತಾವ" ಎಂಬುದು. ಅಕ್ಕಂದಿರೇ, ಇದನ್ನು ಸ್ವಲ್ಪ ಲಕ್ಷ್ಯವಿಟ್ಟು ಕೇಳಿ. ಎರಡು ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಷ್ಟು ಹಿಂದೆಯೇ ಯಂತ್ರ ಮಾಡಿದ. ನಮ್ಮ ಸ್ವೆಟರು, ಕಾಲುಚೀಲ ಎಲ್ಲ ಯಂತ್ರದ ಕೂಸುಗಳು. ಆದರೆ ಒಂದೇ ಕೊಕ್ಕೆಯ ಕ್ರೋಶಾಕ್ಕೆ ಕೈಗೆ ಬದಲಾಗಿ ನಿಲ್ಲಬಲ್ಲ ಕಾರ್ಖಾನೆ ಯಂತ್ರ ಇಂದಿಗೂ ಮಾರುಕಟ್ಟೆಗೆ ಬಂದಿಲ್ಲ. ಇಲ್ಲಿ ಒಂದೊಂದು ಕುಣಿಕೆಯನ್ನೂ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಕೊಕ್ಕೆ ಎಲ್ಲಿ ಬೇಕಾದರೂ ಹೊಕ್ಕು, ಎತ್ತ ಬೇಕಾದರೂ ತಿರುಗಬೇಕು. ಬಟ್ಟೆ ಅಂಗಡಿಯಲ್ಲಿ ಕ್ರೋಶಾದಂತೆ ಕಾಣುವ ಅಗ್ಗದ ಲೇಸು ಯಂತ್ರದ ಬೇರೆ ಜಾತಿಯ ಹೆಣಿಗೆ. ನಿಜವಾದ ಕ್ರೋಶಾ ಹೂವು ನಲವತ್ತು ರೂಪಾಯಿಗೆ ಸಿಕ್ಕಿತೆಂದರೆ ಯಂತ್ರ ಅದನ್ನು ಅಗ್ಗ ಮಾಡಿದ್ದಲ್ಲ. ಎಲ್ಲೋ, ನಮ್ಮ ದೇಶದಲ್ಲೋ ಚೀನಾದಲ್ಲೋ, ಯಾವುದೋ ಕೈ ತನ್ನ ಗಂಟೆಯನ್ನು ಮಣ್ಣಿನ ಬೆಲೆಗೆ ಮಾರಿದೆ. ಅಗ್ಗದ ಹೂವನ್ನು ತೋರಿಸಿ ನಮ್ಮ ಸವಣೂರಿನ ತಾಯಿಯ ದರ ಇಳಿಸುವುದೆಂದರೆ ಒಬ್ಬ ಬಡವಿಯ ಬಡತನವನ್ನು ಹಿಡಿದು ಇನ್ನೊಬ್ಬ ಬಡವಿಗೆ ಹೊಡೆಯುವುದು.

ಎರಡನೆಯದು, "ಹೆಂಗಸರಿಗೆ ಬಿಡುವು ಇರತದಲ್ರಿ" ಎಂಬ ಮಾತು. ಸರ್ಕಾರವೇ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಇದೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆದದ್ದು 299 ನಿಮಿಷ, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ನಮ್ಮ ಪಾಲಿನದು ಹತ್ತು ನಿಮಿಷ ಕಡಿಮೆಯಾಯಿತು ಎಂದು ಹಿಗ್ಗುವ ಮೊದಲೇ ಅವರದು ಒಂಬತ್ತು ನಿಮಿಷ ಇಳಿದಿದೆ! ಇಷ್ಟರ ಮೇಲೆ ಉಳಿದ ಹೊತ್ತಿನಲ್ಲಿ ಅವಳು ಹೆಣೆಯುತ್ತಾಳೆ. ಅದು ಖಾಲಿ ಹೊತ್ತಲ್ಲ. ನಿದ್ದೆಯಿಂದಲೋ, ಓದಿನಿಂದಲೋ, ಒಂದು ತಾಸು ಕಾಲು ಚಾಚಿ ಕೂರುವ ಸುಖದಿಂದಲೋ ಕಡಿದು ತೆಗೆದ ಹೊತ್ತು.

ಮೂರನೆಯ ಮಾತು ಎಲ್ಲಕ್ಕಿಂತ ಮಿದು, ಎಲ್ಲಕ್ಕಿಂತ ಅಪಾಯದ್ದು. "ಪ್ರೀತಿಗೆ ಬೆಲೆ ಕಟ್ಟಬಾರದು." ಸರಿಯೇ, ಪ್ರೀತಿಗೆ ಬೆಲೆ ಕಟ್ಟಬೇಡಿ. ಆದರೆ ಪ್ರೀತಿಯ ಹೆಸರಿನಲ್ಲಿ ದುಡಿಮೆಗೆ ಸೊನ್ನೆ ಬರೆಯಬೇಡಿ. ಮಾರಿದರೆ ಕೈ ಮೈಲಿಗೆಯಾಗುತ್ತದೆ, ಕೊಟ್ಟರೆ ಪುಣ್ಯ ಬರುತ್ತದೆ ಎಂದು ಬೋಧಿಸುವವರಿಗೆ ನಾನು ನುಲಿಯ ಚಂದಯ್ಯನ ಹೆಸರು ಹೇಳುತ್ತೇನೆ. ಹನ್ನೆರಡನೆಯ ಶತಮಾನದ ಆ ಶರಣ ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ, ಬಂದದ್ದರಿಂದ ದಾಸೋಹ ಮಾಡಿದವನು. ಮೊದಲು ದುಡಿಮೆಗೆ ತಕ್ಕ ಬೆಲೆ, ಆಮೇಲೆ ತನ್ನ ಮನಸ್ಸಿನಂತೆ ದಾನ. ಹಗ್ಗವನ್ನೇ ಪುಕ್ಕಟೆ ಹೊಸೆದುಕೊಡು ಎಂದು ಊರು ಅವನನ್ನು ಕೇಳಿದ್ದರೆ ದಾಸೋಹ ಎಲ್ಲಿಂದ ನಡೆಯಬೇಕಿತ್ತು? ಹಗ್ಗ ಹೊಸೆದ ಗಂಡಸಿಗೆ ಕಾಯಕವೆನಿಸಿದ್ದು ದಾರ ಹೆಣೆದ ಹೆಂಗಸಿಗೆ ಟೈಮ್‌ಪಾಸ್ ಏಕಾಗಬೇಕು?

ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಘೋರ ಬರಗಾಲ ಬಂದಾಗ ಕಾನ್ವೆಂಟುಗಳಲ್ಲಿ ಕಲಿತ ಕ್ರೋಶಾ ಲೇಸು ಅನೇಕ ಮನೆಗಳ ಒಲೆ ಉರಿಸಿತು. ಇಂದು ನಮ್ಮ ಹುಡುಗಿಯರು ಮೊಬೈಲು ನೋಡಿ ಹಾಕುವ, ಎಸಳ ಮೇಲೆ ಎಸಳು ಏರಿದ ಕ್ರೋಶಾ ಗುಲಾಬಿ ಆ ಐರಿಷ್ ಲೇಸಿನ ಮನೆತನದ್ದೇ. ಅಂದರೆ ಹುಟ್ಟಿನಿಂದಲೂ ಇದು ಹೊತ್ತು ಕಳೆಯುವ ಹೂವಲ್ಲ, ಹೊಟ್ಟೆ ಹೊರೆದ ಹೂವು.

ಹಾಗಾದರೆ ಇನ್ನು ಮೇಲೆ ಯಾರೂ ಯಾರಿಗೂ ಹೂವು ಹೆಣೆದು ಕೊಡಬಾರದೇ ಎಂದು ಕೇಳುತ್ತೀರಿ. ಧಾರಾಳವಾಗಿ ಕೊಡಿ. ನಾನೂ ಕೊಡುತ್ತೇನೆ. ಮನಸ್ಸು ಬಂದಾಗ, ಮನಸ್ಸಿಗೆ ಬಂದವರಿಗೆ. ಕೊಡುವಾಗ "ಏನಿಲ್ರಿ, ಸುಮ್ಮ ಕುಂತಾಗ ಹಾಕೀನಿ" ಎಂದು ಮಾತ್ರ ಹೇಳುವುದಿಲ್ಲ. "ಇದಕ್ಕ ಎರಡು ದಿನಾ ಸಂಜೀ ಹಿಡೀತು, ನಿಮಗಂತನ ಹಾಕೀನಿ" ಎನ್ನುತ್ತೇನೆ. ನಮ್ಮ ಕೆಲಸವನ್ನು ಮೊದಲು ಅಗ್ಗ ಮಾಡುವುದು ನಮ್ಮ ಬಾಯಿಯ ಈ ಸಂಕೋಚ. ಎರಡು ಸಂಜೆ ಎಂದು ತಿಳಿದವರು ಆ ಹೂವನ್ನು ಬೇರೆಯ ಕಣ್ಣಿನಿಂದ ನೋಡುತ್ತಾರೆ, ಇನ್ನೂ ನಾಲ್ಕು ಹಾಕಿಕೊಡು ಎನ್ನಲು ನಾಲಿಗೆ ಹಿಂಜರಿಯುತ್ತದೆ.

ಬೇಕಾದವರು ಕೊಳ್ಳಲಿ. ಕೊಳ್ಳುವಾಗ ಎಷ್ಟು ರೂಪಾಯಿ ಎನ್ನುವುದಕ್ಕಿಂತ ಮೊದಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಲಿ. ಮಾರುವವರು ದರದ ಜೊತೆಗೆ ಗಂಟೆಯನ್ನೂ ಬರೆಯಲಿ: ಏಳು ಗುಲಾಬಿ, 9 ಗಂಟೆ 20 ನಿಮಿಷ. ಶಾಲೆಗಳು ಹೆಣ್ಣುಮಕ್ಕಳ ಬೆರಳನ್ನು ಅತಿಥಿ ಸತ್ಕಾರದ ಸಾಮಾನೆಂದು ತಿಳಿಯದಿರಲಿ. ಮಹಿಳಾ ಮಂಡಳಗಳು, ಸ್ವಸಹಾಯ ಸಂಘಗಳು ಒಂದೂರಿಗೆ ಒಂದು ದರ ಗೊತ್ತುಮಾಡಿಕೊಳ್ಳಲಿ. ಒಬ್ಬಳು ಇಳಿಸಿ ಇನ್ನೊಬ್ಬಳ ಹೊಟ್ಟೆಗೆ ಹೊಡೆಯದಿರಲಿ. ಇನ್ನೊಂದು ಮಾತು. ವುಲನ್ ಎಂದು ನಾವು ತರುವ ದಾರದ ಬಹುಪಾಲು ಅಕ್ರಿಲಿಕ್, ಅದೂ ಪ್ಲಾಸ್ಟಿಕ್ಕಿನ ಬಂಧುವೇ. ಹತ್ತಿ ಬೆಳೆಯುವ ಸೀಮೆಯವರು ಹತ್ತಿಯ ದಾರದಲ್ಲಿ ಹೆಣೆಯೋಣ. ಟ್ಯೂಲಿಪ್ಪಿನ ಜೊತೆಗೆ ನಮ್ಮ ಸೇವಂತಿಗೆ, ಕನಕಾಂಬರ, ಮೊದಲ ದಿನ ತಿಳಿಯಾಗಿ ಅರಳಿ ಮರುದಿನ ಕೆಂಪಗಾಗುವ ಹತ್ತಿಯ ಹೂವು, ಇವಕ್ಕೂ ನಮ್ಮ ಕೊಕ್ಕೆ ಕಡ್ಡಿಯಲ್ಲಿ ಜಾಗವಿರಲಿ.

ನನ್ನ ವಿದ್ಯಾರ್ಥಿನಿಯರಿಗೆ ನಾನು ಗಣಿತದ ಪಾಠದಲ್ಲಿ ಈಗ ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ ತಾಯಿ ಮಾಡಿದ ಯಾವುದಾದರೂ ಕೈಕೆಲಸ ತೆಗೆದುಕೊಳ್ಳಿ. ಅದಕ್ಕೆ ಹಿಡಿದ ಗಂಟೆ ಕೇಳಿ ಬರೆಯಿರಿ. ದಿನಗೂಲಿಯ ದರದಲ್ಲಿ ಗುಣಿಸಿ. ಮರುದಿನ ತಂದ ಉತ್ತರಗಳನ್ನು ನೋಡಿದರೆ ತರಗತಿಯೇ ಮೌನವಾಗುತ್ತದೆ. ಒಬ್ಬ ಹುಡುಗ ತಾಯಿಯ ಕೌದಿಯ ಲೆಕ್ಕ ಮಾಡಿ, "ಟೀಚರ್, ನಮ್ಮವ್ವಗ ಇಷ್ಟು ರೊಕ್ಕಾ ಯಾರು ಕೊಡಬೇಕ್ರಿ?" ಎಂದು ಕೇಳಿದ.

ಉತ್ತರವನ್ನು ನಾನು ಹಲಗೆಯ ಮೇಲೆ ಬರೆಯಲಿಲ್ಲ. ಅದನ್ನು ಮನೆಗೆ ಹೋಗಿ ನಿಮ್ಮ ಅಪ್ಪನಿಗೆ, ಅಣ್ಣನಿಗೆ, ಓಣಿಯವರಿಗೆ ಕೇಳು ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಕೇಳಿ ನೋಡಿ.